ಅಳಿಸಿದ ಎರಡು ಸಾಲು

ಫೆಬ್ರವರಿ 10, ಸೋಮವಾರ

ಭಾವ ಆಫೀಸಿನಿಂದ ತಂದು ಮರೆತ ಡೈರಿಯೊಂದು ಅಕ್ಕನ ಕಪಾಟಿನಲ್ಲಿ ಸಿಕ್ಕಿತು. ವರ್ಷ ಹಳೆಯದು, ಹಾಳೆ ಹೊಸದು. ಅಚ್ಚಾದ ತಾರೀಖಿನ ಮೇಲೆ ಗೀಟು ಹೊಡೆದು ನನ್ನ ತಾರೀಖು ಹಾಕಿಕೊಂಡಿದ್ದೇನೆ. ಯಾರಿಗೂ ಹೇಳದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಯಾರಿಗೂ ಹೇಳದ್ದು ಇಷ್ಟೆ: ಹಳೆಯ ಕಂಪನಿಯನ್ನು ನಾನು ಬಿಟ್ಟದ್ದಲ್ಲ, ಅವರೇ ಕಳುಹಿಸಿದ್ದು. 'ಬೇಜಾರಾಯ್ತು, ಬಿಟ್ಟೆ' ಎಂದು ಅಕ್ಕನಿಗೆ ಹೇಳಿ ಅವಳ ಮನೆಯ ಮಹಡಿ ಕೋಣೆಗೆ ಪೆಟ್ಟಿಗೆ ತಂದಿಟ್ಟೆ. ಅವಳು ನಂಬಿದಳು. ನನ್ನನ್ನು ಕಳುಹಿಸಿದ ಮುಖ್ಯಸ್ಥ ಇಪ್ಪತ್ತು ಜನರ ಮುಂದೆ ಅಂದ ಮಾತು ಇನ್ನೂ ಕಿವಿಯಲ್ಲಿದೆ: 'ಇವನ ಪ್ರೋಗ್ರಾಂ ಕೆಲಸಕ್ಕಿಂತ ಗೊಣಗೋದೇ ಹೆಚ್ಚು, ಥೇಟ್ ಇವನ ಹಾಗೇ.' ಏನಾದರೂ ಸರಿಯಿಲ್ಲದಿದ್ದರೆ ನನ್ನ ಪ್ರೋಗ್ರಾಂ ನಿಂತು ಹೇಳುತ್ತಿತ್ತು. ಅದು ತಪ್ಪಾಯಿತಂತೆ.

ಈಗಿನ ಕೆಲಸ ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ. ಮೂರು ತಿಂಗಳ ಪರೀಕ್ಷಾ ಅವಧಿ, ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಇಲ್ಲಿಯೂ ಬೇಡವೆಂದರೆ ಮೂವತ್ತೆಂಟನೆಯ ವಯಸ್ಸಿಗೆ ಎರಡು ಸಲ ಬೇಡವಾದವನಾಗುತ್ತೇನೆ. ಅಷ್ಟು ಗಟ್ಟಿಯಿಲ್ಲ ನಾನು.

ಕೆಲಸ ಕಷ್ಟದ್ದಲ್ಲ. ಮೊದಲು ಇಲ್ಲಿ ರೋಗಿಯ ಉಳಿದ ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಆ ಪೊಳ್ಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದರು. ಆ ಅಚ್ಚಿನ ಮೇಲೆ, ಕಾಲು ಕೂರುವ ಬಟ್ಟಲನ್ನು ಮಾಡುವುದು. ಈಗ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬಂದಿದೆ. ಎರಡು ನಿಮಿಷ ಕಾಲಿನ ಸುತ್ತ ಆಡಿಸಿದರೆ ಅಳತೆಯೆಲ್ಲ ಕಂಪ್ಯೂಟರಿಗೆ. ಸ್ಕ್ಯಾನರಿಗೆ ಜೋಡಿಸಿದ ಪುಟ್ಟ ಕಂಪ್ಯೂಟರ್ ಮಾತ್ರ ಆರಿಸಿದರೆ ಎಲ್ಲ ಮರೆಯುವ ಜಾತಿಯದು. ಹಾಗಾಗಿ ಅಳತೆಗಳನ್ನು ಪಕ್ಕದ ಶೆಲ್ಫಿನಲ್ಲಿರುವ ಡಿಸ್ಕಿನಲ್ಲಿ ಇಡಬೇಕು. ಇಡುವ ಪ್ರೋಗ್ರಾಂ ನನ್ನದು.

ಫೋಲ್ಡರುಗಳ ಕ್ರಮ ಮೇಡಂ ಹಾಕಿಕೊಟ್ಟದ್ದು. ಕಾರ್ಯಾಗಾರ ನಡೆಸುವವರು ಅವರೇ. ವರ್ಷ, ಅದರೊಳಗೆ ತಿಂಗಳು, ಅದರೊಳಗೆ ರೋಗಿಯ ಸಂಖ್ಯೆ, ಅದರೊಳಗೆ ಎಡ ಅಥವಾ ಬಲ, ಅದರೊಳಗೆ ಎಷ್ಟನೆಯ ಭೇಟಿ. ಐದು ಸುತ್ತು. ಹೊಸ ರೋಗಿ ಬಂದಾಗ ಇವೆಲ್ಲ ತಾವಾಗಿಯೇ ಆಗಬೇಕು. ನಾನು ಪ್ರೋಗ್ರಾಂ ಬರೆಯುವ ರಸ್ಟ್ ಭಾಷೆಯಲ್ಲಿ ಇದಕ್ಕೆ ಸಿದ್ಧ ಆಜ್ಞೆಯೇ ಇದೆ, ಹೇಳಿದ ದಾರಿಯುದ್ದಕ್ಕೂ ಇಲ್ಲದ್ದನ್ನೆಲ್ಲ ಮಾಡಿಕೊಂಡು ಹೋಗುತ್ತದೆ. ಅದನ್ನು ಬಿಟ್ಟು ನಾನೇ ಒಂದು ಬರೆದೆ. ಒಳಗಿನ ಫೋಲ್ಡರ್ ಮಾಡು ಎಂದರೆ, ಹೊರಗಿನದು ಇದೆಯೇ ಎಂದು ಮೊದಲು ನೋಡುತ್ತದೆ. ಇಲ್ಲದಿದ್ದರೆ ಅದನ್ನು ಮಾಡಲು ತನ್ನನ್ನೇ ಮತ್ತೆ ಕರೆದುಕೊಳ್ಳುತ್ತದೆ. ಹೀಗೆ ಹೊರಹೊರಗೆ ಹೋಗಿ, ಇರುವುದು ಸಿಕ್ಕ ಮೇಲೆ ಒಂದೊಂದಾಗಿ ಮಾಡುತ್ತ ವಾಪಸು ಬರುತ್ತದೆ. ಕೊನೆಗೆ ಎರಡು ಸಾಲು ಸೇರಿಸಿದ್ದೇನೆ: ಎಲ್ಲಕ್ಕೂ ಹೊರಗಿನ ಡಿಸ್ಕ್ ನಿಜವಾಗಿ ಇದೆಯೇ ನೋಡು, ಇಲ್ಲದಿದ್ದರೆ ಏನೂ ಮಾಡದೆ ನಿಂತು ಹೇಳು.

ಚೆಂದ ಬಂದಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು, ಬೇರೆ ಯಾರಿಗೂ ಇದು ಕಾಣುವುದಿಲ್ಲ.

ಫೆಬ್ರವರಿ 13, ಗುರುವಾರ

ಇವತ್ತು ಮಾನ ಹೋಯಿತು.

ಆಡಳಿತ ಮಂಡಳಿಯವರು ಆರು ಜನ ಸ್ಕ್ಯಾನರ್ ನೋಡಲು ಬಂದಿದ್ದರು. ಮೇಡಂ ತಮ್ಮ ಕೈಯನ್ನೇ ಚಾಚಿ 'ತೋರಿಸಿ' ಅಂದರು. ಸ್ಕ್ಯಾನ್ ಆಯಿತು. ಉಳಿಸುವ ಗುಂಡಿ ಒತ್ತಿದೆ. ಪರದೆಯ ತುಂಬ ಕೆಂಪು: ಡಿಸ್ಕ್ ಇಲ್ಲ, ಉಳಿಸಲಾಗದು. ಬೆಳಿಗ್ಗೆ ಶೆಲ್ಫ್ ಒರೆಸುವಾಗ ಯಾರೋ ವೈರು ಸಡಿಲ ಮಾಡಿದ್ದರು. ಅದನ್ನು ಹುಡುಕಲು ನಾಲ್ಕು ನಿಮಿಷ ಬೇಕಾಯಿತು. ಆರು ಜನ ಗಡಿಯಾರ ನೋಡಿದರು.

ಆಮೇಲೆ ಮೇಡಂ ಹೆಚ್ಚೇನೂ ಅನ್ನಲಿಲ್ಲ. ಜನರ ಮುಂದೆ ಹೀಗೆ ಆಗಬಾರದು ಅಂದರು, ಅಷ್ಟೆ. ಆದರೆ ನನಗೆ ಆ ಹಳೆಯ ಮುಖ್ಯಸ್ಥನ ದನಿಯೇ ಕೇಳಿಸಿತು.

ಸಂಜೆ ಅಕ್ಕ ಎಂದಿನಂತೆ ಕೆಳಗಿನಿಂದ ಸೌಟಿನಲ್ಲಿ ಮೆಟ್ಟಿಲ ಕಂಬಿ ತಟ್ಟಿ, 'ಎಲ್ಲ ಸರೀನಾ?' ಎಂದು ಕೂಗಿದಳು. 'ಹ್ಞೂಂ, ಎಲ್ಲ ಸರಿ' ಅಂದೆ.

ಫೆಬ್ರವರಿ 14, ಶುಕ್ರವಾರ

ಆ ಎರಡು ಸಾಲು ಅಳಿಸಿದೆ. ಇನ್ನು ಹೇಳಿದ ದಾರಿಯಲ್ಲಿ ಏನು ಇರಲಿ ಬಿಡಲಿ, ಎಲ್ಲವನ್ನೂ ತಾನೇ ಮಾಡಿಕೊಂಡು ಕೋಲೆಬಸವನ ಹಾಗೆ ತಲೆಯಾಡಿಸುತ್ತದೆ. ಪ್ರತಿ ಬದಲಾವಣೆಗೂ ಒಂದು ಟಿಪ್ಪಣಿ ಬರೆದಿಡುವುದು ನಮ್ಮ ಪದ್ಧತಿ. 'ಗೊಣಗಾಟ ನಿಲ್ಲಿಸಿದೆ' ಎಂದು ಬರೆದೆ.

ಹತ್ತು ಸಲ ನಡೆಸಿ ನೋಡಿದೆ. ಹತ್ತು ಸಲವೂ ಹಸಿರು.

ಫೆಬ್ರವರಿ 19, ಬುಧವಾರ

ಪ್ಲಾಸ್ಟರ್ ಕೋಣೆಯ ಮುದುಕನ ಬಗ್ಗೆ ಬರೆಯಲೇಬೇಕು. ನಾನು ಅವನಿಗೆ ಸುಣ್ಣದ ಮುದುಕ ಎಂದು ಹೆಸರಿಟ್ಟಿದ್ದೇನೆ. ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ. ಹುಬ್ಬಿನಲ್ಲೂ. ಉಳಿದವರೆಲ್ಲ ಮೇಸ್ತ್ರಿ ಅನ್ನುತ್ತಾರೆ. ಮೂವತ್ತೊಂದು ವರ್ಷ ಇಲ್ಲೇ ಅಚ್ಚು ತೆಗೆದಿದ್ದಾನಂತೆ. ಆಗಸ್ಟಿನಲ್ಲಿ ಅವನ ಅವಧಿ ಮುಗಿಯುತ್ತದೆ. ಸ್ಕ್ಯಾನರ್ ಬಂದ ಮೇಲೆ ಪ್ಲಾಸ್ಟರ್ ಅಚ್ಚು ಬೇಡವೆಂದು ಮೇಡಂ ಹೇಳಿಯಾಗಿದೆ. ಬಟ್ಟಲಿನ ಅಂಚು ತಿದ್ದುವ ಕೆಲಸ ಮಾತ್ರ ಕೊಟ್ಟಿದ್ದಾರೆ.

ಇವತ್ತು ಊಟದ ಹೊತ್ತಿನಲ್ಲಿ ಅವನ ಕೋಣೆಗೆ ಹೋದರೆ, ಬಾಗಿಲು ಅರ್ಧ ಹಾಕಿಕೊಂಡು ಒಬ್ಬ ರೋಗಿಯ ಅಚ್ಚು ತೆಗೆಯುತ್ತಿದ್ದಾನೆ. ಬೆಳಿಗ್ಗೆ ನಾನು ಸ್ಕ್ಯಾನ್ ಮಾಡಿದ ರೋಗಿಯೇ. ಸಿಕ್ಕಿಬಿದ್ದವನ ಮುಖವೂ ಇಲ್ಲ. 'ಮೇಡಂಗೆ ಹೇಳ್ಬೇಡಪ್ಪ. ನಿನ್ನ ಯಂತ್ರದ ಮೇಲೆ ಸಿಟ್ಟಿಲ್ಲ. ಕೈ ಸುಮ್ನಿರಲ್ಲ' ಅಂದ.

ಆಮೇಲೆ ಮೊನ್ನೆ ತೆಗೆದು ಒಣಗಿಸಿದ್ದ ಇನ್ನೊಂದು ಅಚ್ಚನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟು ಕೇಳಿದ. ಒಳಗೆ ಗಾಳಿ ಉಳಿದಿದ್ದರೆ ದನಿ ಬೇರೆಯಂತೆ. ಕಲ್ಲಂಗಡಿ ಕೊಳ್ಳುವವರ ಹಾಗೆ. ನಗು ಬಂತು. ಎರಡು ನಿಮಿಷದ ಕೆಲಸಕ್ಕೆ ಎರಡು ದಿನ, ಆಮೇಲೆ ಅದರ ಹತ್ತಿರ ಮಾತುಕತೆ ಬೇರೆ.

ಮೇಡಂಗೆ ಹೇಳಲಿಲ್ಲ. ನನಗೇಕೆ ಬೇಕು.

ಮಾರ್ಚ್ 5, ಬುಧವಾರ

ಎರಡು ವಾರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ, ಅದೇ ಸುಖ.

ಇವತ್ತು ಮುದುಕ ಬಂದು ಶೆಲ್ಫಿನ ಹತ್ತಿರದ ಪ್ಲಗ್ ಕಿತ್ತು ತನ್ನ ಹೀಟರ್ ಹಾಕಿಕೊಂಡಿದ್ದ. ಅವನ ಕೋಣೆಯ ಪ್ಲಗ್ ಸುಟ್ಟುಹೋಗಿದೆಯಂತೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಹೀಟರ್ ತೆಗೆದು ಇದ್ದದ್ದನ್ನು ಇದ್ದ ಹಾಗೇ ಹಾಕಿದ್ದ. ಕಿತ್ತದ್ದು ಡಿಸ್ಕಿನ ಪ್ಲಗ್. ತಕ್ಷಣ ಒಬ್ಬ ರೋಗಿಯ ಸ್ಕ್ಯಾನ್ ತೆಗೆದು ಉಳಿಸಿ ನೋಡಿದೆ. ಹಸಿರು. ಮತ್ತೆ ತೆರೆದು ನೋಡಿದೆ, ಅಳತೆ ಇದೆ. ಐದು ಸುತ್ತಿನ ಫೋಲ್ಡರೂ ಇವೆ.

ಹಳೆಯ ಸಾಲುಗಳು ಇದ್ದಿದ್ದರೆ ಇವತ್ತು ಇನ್ನೊಂದು ರಂಪವಾಗುತ್ತಿತ್ತು. ಅಳಿಸಿದ್ದು ಒಳ್ಳೆಯದೇ ಆಯಿತು.

ಮಾರ್ಚ್ 13, ಗುರುವಾರ

ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹೆಂಗಸು ಬಂದಿದ್ದರು. ಎಡಗಾಲು ಮೊಣಕಾಲಿನ ಕೆಳಗಿಲ್ಲ. ಎಂಟನೆಯ ಕಾಲಿಗಾಗಿ ಬಂದದ್ದು. ಹಿಂದಿನ ಏಳೂ ಮುದುಕನ ಕೈಯವು. ಮೇಸ್ತ್ರಿ ಮಾಡಿದ ಕಾಲಿನಲ್ಲೇ ಮದುವೆಯಾದೆ, ಎರಡು ಹೆತ್ತೆ, ಆ ಎರಡರ ಹಿಂದೆಯೂ ಓಡಿದೆ ಎಂದು ಕಂಪ್ಯೂಟರಿಗೆ ಹೇಳುವವರ ಹಾಗೆ ಹೇಳಿದರು. ಸ್ಕ್ಯಾನ್ ಮಾಡುವಾಗ ಮುದುಕ ಬಾಗಿಲಲ್ಲಿ ನಿಂತಿದ್ದ. ಅಚ್ಚು ತೆಗೆಯಲು ಕರೆಯಲಿಲ್ಲ. ಪ್ಲಾಸ್ಟರ್ ಚೀಲ ಮೊನ್ನೆಯೇ ಬರಿದಾಗಿದೆ, ಹೊಸದು ತರಿಸುವುದಿಲ್ಲ.

'ಈ ಕಾಲು ಮಾಡಿ ಮುಗಿಸಿದ್ರೆ ನಂಗೆ ಸಾಕು' ಅಂದ. ನನಗೇ ಅಂದನೋ ತನಗೇ ಅಂದುಕೊಂಡನೋ ತಿಳಿಯಲಿಲ್ಲ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟ್ ಹೋಯಿತು. ಹತ್ತು ನಿಮಿಷಕ್ಕೆ ಬಂತು. ಕಂಪ್ಯೂಟರ್ ಹೊಸದಾಗಿ ಎದ್ದಿತು. ಮಾರ್ಚ್ ಐದರಿಂದ ಇವತ್ತಿನವರೆಗಿನ ಅಳತೆ ಒಂದೂ ಇಲ್ಲ. ಹದಿನಾಲ್ಕು ಜನರದು.

ಮಾರ್ಚ್ ನಾಲ್ಕರವರೆಗಿನದು ಎಲ್ಲ ಸುಸೂತ್ರ. ಐದರಿಂದ ಮುಂದಕ್ಕೆ ಫೋಲ್ಡರೇ ಇಲ್ಲ. ಇತ್ತೆಂಬ ಗುರುತೂ ಇಲ್ಲ.

ನನಗೆ ಕಾರಣ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ 15, ಶನಿವಾರ

ಬರೆಯುತ್ತೇನೆ. ಯಾರು ಓದುತ್ತಾರೆ.

ಐದನೆಯ ತಾರೀಖು ಪ್ಲಗ್ ಕಿತ್ತಾಗ ಡಿಸ್ಕ್ ಕಳಚಿಕೊಂಡಿತು. ಮತ್ತೆ ಪ್ಲಗ್ ಹಾಕಿದರೂ, ಆರಿಸಿ ಹಾಕುವವರೆಗೆ ಕಂಪ್ಯೂಟರ್ ಅದನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಕಂಪ್ಯೂಟರಿನೊಳಗೆ ಡಿಸ್ಕಿನ ಹೆಸರಿನ ಖಾಲಿ ಫೋಲ್ಡರ್ ಮಾತ್ರ ಉಳಿದಿತ್ತು. ನನ್ನ ಪ್ರೋಗ್ರಾಂ ಆ ಖಾಲಿ ಹೆಸರಿನ ಕೆಳಗೆ ವರ್ಷ ಮಾಡಿತು, ತಿಂಗಳು ಮಾಡಿತು, ರೋಗಿ, ಎಡ, ಬಲ, ಭೇಟಿ, ಎಲ್ಲ ಮಾಡಿತು. ಆರಿಸಿದರೆ ಮರೆಯುವ ಕಂಪ್ಯೂಟರಿನ ನೆನಪಿನಲ್ಲಿ. ಅದನ್ನು ರಾತ್ರಿಯೂ ಆರಿಸುವುದಿಲ್ಲವಾದ್ದರಿಂದ ಒಂಬತ್ತು ದಿನ ಹಸಿರು ತೋರಿಸಿತು. ಆ ಎರಡು ಸಾಲು ಇದ್ದಿದ್ದರೆ ಮೊದಲ ರೋಗಿಯಲ್ಲೇ ನಿಲ್ಲುತ್ತಿತ್ತು.

ಮೇಡಂ ಎಲ್ಲರನ್ನೂ ಕರೆದು, ಶೆಲ್ಫಿನ ಹತ್ತಿರ ಯಾರಾದರೂ ಏನಾದರೂ ಮುಟ್ಟಿದಿರಾ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ.

ಮೇಸ್ತ್ರಿ ಮುಂದೆ ಬಂದ. 'ನಾನೇ ಪ್ಲಗ್ ಕಿತ್ತಿದ್ದು, ಮೇಡಂ. ಐದನೇ ತಾರೀಕು. ಅದು ಯಾವ್ದಕ್ಕೆ ಹೋಗಿತ್ತು ಅಂತ ಕೇಳ್ಲಿಲ್ಲ. ತಪ್ಪು ನಂದೇ.'

ಆಮೇಲೆ ತನ್ನ ಕೋಣೆಗೆ ನಡೆದು ಬೆಂಚಿನ ಕೆಳಗಿದ್ದ ಬಟ್ಟೆ ಎಳೆದ. ಒಂಬತ್ತು ಅಚ್ಚುಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಸಂಖ್ಯೆ ಮತ್ತು ತಾರೀಖು. ಹದಿನಾಲ್ಕರಲ್ಲಿ ಒಂಬತ್ತು. ಬೇಡ ಅಂದಿದ್ದಿರಿ, ಕೇಳದೆ ಮಾಡಿದೆ, ಅದೂ ತಪ್ಪೇ, ಇವನ್ನು ಸ್ಕ್ಯಾನ್ ಮಾಡಿಕೊಂಡರೆ ಇಷ್ಟು ಜನ ಮತ್ತೆ ಬರುವುದು ತಪ್ಪುತ್ತದೆ ಅಂದ. ಉಳಿದ ಐವರಿಗೆ ಪ್ಲಾಸ್ಟರ್ ಸಾಲಲಿಲ್ಲ ಎಂದೂ ಹೇಳಿದ. ಟಿಕೆಟ್ ಕೊಡುವ ಹೆಂಗಸು ಆ ಐವರಲ್ಲಿ ಒಬ್ಬರು.

ಒಂದೇ ಉಸಿರಿಗೆ ಎರಡು ತಪ್ಪು ಒಪ್ಪಿಕೊಂಡವನನ್ನು ನಾನು ಇದುವರೆಗೆ ನೋಡಿರಲಿಲ್ಲ. ಮೇಡಂ ಬಹಳ ಹೊತ್ತು ಅಚ್ಚುಗಳನ್ನೇ ನೋಡಿದರು. ಆಮೇಲೆ, ಹದಿನಾಲ್ಕು ಜನರ ವಿಷಯ ಮಂಡಳಿಗೆ ಹೇಳಬೇಕಾಗುತ್ತದೆ, ಮೂವತ್ತೊಂದಕ್ಕೆ ಪ್ಲಾಸ್ಟರ್ ಕೋಣೆ ಮುಚ್ಚೋಣ, ನೀವು ಆಗಸ್ಟಿನವರೆಗೆ ಬರುವುದು ಬೇಡ ಅಂದರು. ಸಿಟ್ಟಿನಿಂದಲ್ಲ. ಮೇಸ್ತ್ರಿ 'ಆಗ್ಲಿ' ಅಂದ.

ನನ್ನ ಕಡೆ ತಿರುಗಿ, ಪಾಪ, ನಿಮ್ಮ ಕೆಲಸವೆಲ್ಲ ಹಾಳಾಯಿತು ಅಂದರು.

ನಾನು ತಲೆಯಾಡಿಸಿದೆ.

ಮಾರ್ಚ್ 17, ಸೋಮವಾರ

ಎಲ್ಲರಿಗಿಂತ ಮೊದಲು ಹೋಗಿ ಆ ಎರಡು ಸಾಲನ್ನು ಮತ್ತೆ ಸೇರಿಸಿದೆ. ಟಿಪ್ಪಣಿ: 'ಸಣ್ಣ ಸುಧಾರಣೆ.'

ನ್ಯಾಯವಾಗಿ ನೋಡಿದರೆ ಪ್ಲಗ್ ಕಿತ್ತದ್ದು ನಾನಲ್ಲ. ಕಿತ್ತವರೇ ಒಪ್ಪಿಕೊಂಡಿದ್ದಾರೆ. ಆಗಸ್ಟಿನಲ್ಲಿ ಹೇಗೂ ಹೋಗುವವನು. ನಾಲ್ಕೈದು ತಿಂಗಳು ಹೆಚ್ಚು ಕಡಿಮೆ. ನನಗಾದರೆ ಮುಂದಿನ ಇಪ್ಪತ್ತು ವರ್ಷದ ಮಾತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ತಪ್ಪಿತು. ಈಗ ಸುಮ್ಮನಿರಬೇಕು.

ಅಕ್ಕ ಕಂಬಿ ತಟ್ಟಿದಳು. ಎಲ್ಲ ಸರಿ ಅಂದೆ.

ಮಾರ್ಚ್ 18, ಮಂಗಳವಾರ

ಯಾರೂ ಏನೂ ಕೇಳಲಿಲ್ಲ.

ಮಾರ್ಚ್ 20, ಗುರುವಾರ

ಒಂಬತ್ತು ಅಚ್ಚುಗಳನ್ನು ಸ್ಕ್ಯಾನ್ ಮಾಡುವ ಕೆಲಸ ನನಗೂ ಮೇಸ್ತ್ರಿಗೂ ಬಿತ್ತು. ಅವರು ಒಂದೊಂದನ್ನೇ ಎತ್ತಿ ಮೇಜಿನ ಮೇಲಿಡುವುದು, ನಾನು ಸ್ಕ್ಯಾನರ್ ಆಡಿಸುವುದು. ಇಡುವ ಮೊದಲು ಪ್ರತಿಯೊಂದನ್ನೂ ತಟ್ಟುತ್ತಿದ್ದರು. ಆರನೆಯದರಲ್ಲಿ ನಿಂತು, 'ಇಲ್ಲಿ ನೀನೂ ತಟ್ಟು' ಎಂದು ತೋರಿಸಿದರು. ತಟ್ಟಿದೆ. ಉಳಿದ ಕಡೆ ಕಲ್ಲಿನ ದನಿ, ಅಲ್ಲೊಂದು ಕಡೆ ಡಬ್ಬದ ದನಿ. ಒಂದು ಬೆರಳಷ್ಟು ಗಾಳಿ ಒಳಗೆ ಉಳಿದಿತ್ತು. ಅವಸರದಲ್ಲಿ ಮಾಡಿದೆ ಎಂದು ಅದರ ಮೇಲೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರು, ನೋಡುವವರಿಗೆ ಕಾಣುವ ಹಾಗೆ.

ಇದರಿಂದ ಬಟ್ಟಲಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದೆ. ಒತ್ತಿದರೆ ಒಡೆಯುತ್ತದೆ, ಒತ್ತದಿದ್ದರೆ ಏನೂ ಆಗುವುದಿಲ್ಲ ಅಂದರು. ಹಾಗಾದರೆ ಗುರುತು ಏಕೆ ಹಾಕಿದಿರಿ ಅಂದೆ. 'ಒತ್ತೋನು ನಾನೇ ಆಗಿರ್ತೀನಿ ಅಂತ ಏನು ಗ್ಯಾರಂಟಿ?' ಅಂದರು.

ಕೆಲಸ ಮುಗಿದ ಮೇಲೆ ಕೈ ಒರೆಸಿಕೊಂಡು ನನ್ನ ಭುಜದ ಮೇಲೆ ಕೈ ಇಟ್ಟರು. ಬಿಳಿ ಗುರುತು ಬಿತ್ತು.

'ನಿನ್ನ ಮೂರು ತಿಂಗಳ ಕೆಲ್ಸ ನನ್ನಿಂದ ಕೆಟ್ಟೋಯ್ತು. ಮನಸ್ಸಲ್ಲಿ ಇಟ್ಕೋಬೇಡಪ್ಪ.'

ನಾನು ಏನೋ ಅಂದೆ. ಏನಂದೆ ಎಂದು ಈಗ ನೆನಪಿಲ್ಲ. ಪರವಾಗಿಲ್ಲ ಅಂದಿರಬೇಕು. ಪರವಾಗಿಲ್ಲ ಅಂದೆ. ಅಂದೆ.

ಮಾರ್ಚ್ 21, ಶುಕ್ರವಾರ

ಅಂಗಿಯ ಭುಜದ ಮೇಲಿನ ಪುಡಿಯನ್ನು ಅಕ್ಕ ಕೊಡವಿದಳು. ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲವೇ ಎಂದಳು. ಹ್ಞೂಂ ಅಂದೆ.

ಮಾರ್ಚ್ 24, ಸೋಮವಾರ

ಮೇಡಂ ಬರುವ ಹೊತ್ತಿಗೆ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿ ಕಾಯುತ್ತಿದ್ದೆ. ಹತ್ತು ನಿಮಿಷ ಬೇಕು ಅಂದೆ. ಮೇಸ್ತ್ರಿಯವರನ್ನೂ ಕರೆದೆ.

ಹೇಳಿ ಅರ್ಥ ಮಾಡಿಸಲು ನನ್ನಿಂದಾಗದು ಎಂದು ಗೊತ್ತಿತ್ತು. ಮಾಡಿ ತೋರಿಸಿದೆ. ಮೊದಲು ಫೆಬ್ರವರಿ ಹತ್ತರ ಪ್ರೋಗ್ರಾಂ ನಡೆಸಿ, ಶೆಲ್ಫಿನ ಪ್ಲಗ್ಗನ್ನು ನಾನೇ ಕಿತ್ತೆ. ಒಂದು ಮಗ್ಗನ್ನು ಸ್ಕ್ಯಾನ್ ಮಾಡಿ ಉಳಿಸು ಎಂದೆ. ಕೆಂಪು: ಡಿಸ್ಕ್ ಇಲ್ಲ, ಉಳಿಸಲಾಗದು. ಆಮೇಲೆ ಫೆಬ್ರವರಿ ಹದಿನಾಲ್ಕರದ್ದನ್ನು ನಡೆಸಿದೆ. ಪ್ಲಗ್ ಇನ್ನೂ ನೆಲದ ಮೇಲೆ ಬಿದ್ದಿತ್ತು. ಅದೇ ಮಗ್ಗು, ಅದೇ ಗುಂಡಿ. ಹಸಿರು. ಐದು ಸುತ್ತಿನ ಫೋಲ್ಡರ್ ಒಂದರೊಳಗೊಂದು ತೆರೆದು ತೋರಿಸಿದೆ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದೆ. ಒಂದೂ ಇಲ್ಲ.

ಮೇಡಂ ಎರಡರ ನಡುವಿನ ವ್ಯತ್ಯಾಸ ತೋರಿಸಿ ಅಂದರು. ತೋರಿಸಿದೆ. ಎರಡು ಸಾಲು. ಅದರ ಪಕ್ಕದಲ್ಲೇ ನನ್ನ ಟಿಪ್ಪಣಿ, ತಾರೀಖಿನ ಸಮೇತ. ಅವರು ಗಟ್ಟಿಯಾಗಿ ಓದಿದರು.

'ಗೊಣಗಾಟ ನಿಲ್ಲಿಸಿದೆ ಅಂತ ಬರ್ದಿದ್ದೀರಿ. ಯಾರ ಗೊಣಗಾಟ?'

ಪ್ರೋಗ್ರಾಮಿನದು ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಳೆಯ ಕಂಪನಿಯಲ್ಲಿ ಏನಂದರು, ನನ್ನನ್ನು ಹೇಗೆ ಕಳುಹಿಸಿದರು, ಅರ್ಜಿಯಲ್ಲಿ ನಾನಾಗಿ ಬಿಟ್ಟೆ ಎಂದು ಬರೆದದ್ದು ಸುಳ್ಳು, ಹದಿನೇಳನೆಯ ತಾರೀಖು ಸಾಲುಗಳನ್ನು ಸದ್ದಿಲ್ಲದೆ ಮತ್ತೆ ಸೇರಿಸಿದ್ದು, ಎಲ್ಲ ಹೊರಬಂತು. ಮೇಸ್ತ್ರಿಯವರು ಪ್ಲಗ್ ಕಿತ್ತದ್ದು ನಿಜ, ಆದರೆ ಆ ಕ್ಷಣವೇ ಕೂಗಬೇಕಾದ ಯಂತ್ರದ ಬಾಯಿಯನ್ನು ನಾನು ಮೂರು ವಾರ ಮೊದಲೇ ಮುಚ್ಚಿದ್ದೆ, ಅವರನ್ನು ಕಳುಹಿಸುವುದಾದರೆ ನನ್ನನ್ನು ಮೊದಲು ಕಳುಹಿಸಬೇಕು ಅಂದೆ.

ಮೇಡಂ ಎದ್ದು ಹೋದರು. ಮೇಸ್ತ್ರಿಯವರು ನೆಲದ ಮೇಲಿದ್ದ ಪ್ಲಗ್ ಎತ್ತಿ ಧೂಳು ಒರೆಸಿ ಹಾಕಿದರು. ನನ್ನನ್ನು ನೋಡಲಿಲ್ಲ. ಸಿಟ್ಟು ಬಂದಿದೆ. ಬರಲೇಬೇಕು. ಒಂಬತ್ತು ದಿನ ಅವರು ಅದನ್ನು ಹೊತ್ತುಕೊಂಡು ತಿರುಗಿದ್ದರು.

ಮಾರ್ಚ್ 25, ಮಂಗಳವಾರ

ಮೇಸ್ತ್ರಿಯವರು ಮಾತಾಡಲಿಲ್ಲ. ಬಾಗಿಲಲ್ಲಿ ಎದುರು ಸಿಕ್ಕಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರ್ಚ್ 26, ಬುಧವಾರ

ತೀರ್ಮಾನ ಬಂತು. ಮೇಸ್ತ್ರಿಯವರು ಆಗಸ್ಟಿನವರೆಗೆ ಇರುತ್ತಾರೆ. ಎರಡು ಚೀಲ ಪ್ಲಾಸ್ಟರ್ ತರಿಸುತ್ತಾರೆ. ಅಲ್ಲಿಯವರೆಗೆ ಪ್ರತಿ ರೋಗಿಗೂ ಸ್ಕ್ಯಾನೂ ಅಚ್ಚೂ ಎರಡೂ ಆಗಬೇಕು. ನನ್ನ ಮೂರು ತಿಂಗಳು ಏಪ್ರಿಲ್ ಒಂದರಿಂದ ಮತ್ತೆ ಮೊದಲಿನಿಂದ. ಅಲ್ಲದೆ, ಅಚ್ಚಿಲ್ಲದ ಐದು ಜನರಿಗೆ ನಾನೇ ಫೋನ್ ಮಾಡಿ ಮತ್ತೆ ಬರಲು ಕೇಳಿಕೊಳ್ಳಬೇಕು.

ಕಾರಣ ಏನೆಂದು ಹೇಳಲಿ ಎಂದು ಮೇಡಂ ಅವರನ್ನು ಕೇಳಿದೆ. 'ಇದ್ದದ್ದು ಹೇಳಿ. ಈಗ ಅಭ್ಯಾಸ ಆಗಿದೆಯಲ್ಲ' ಅಂದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಮಾರ್ಚ್ 28, ಶುಕ್ರವಾರ

ಐದು ಫೋನ್. ಒಬ್ಬರು ಬೈದರು, ಲಾರಿ ಓಡಿಸುವವರು. ಎರಡು ದಿನದ ದುಡಿಮೆ ಬಿಟ್ಟು ಬಂದಿದ್ದರಂತೆ, ಬೈಯಲಿ. ಇಬ್ಬರು ಸರಿ ಅಂದರು. ಒಬ್ಬರಿಗೆ ಕಿವಿ ಕೇಳಿಸದೆ ಅವರ ಸೊಸೆಗೆ ಇನ್ನೊಮ್ಮೆ ಮೊದಲಿನಿಂದ ಹೇಳಬೇಕಾಯಿತು.

ಟಿಕೆಟ್ ಕೊಡುವ ಹೆಂಗಸಿಗೆ ಕೊನೆಯಲ್ಲಿ ಮಾಡಿದೆ. ನಡೆದದ್ದು ಹೇಳಿದೆ. ಹಿಂದೆ ಬಸ್ಸಿನ ಸದ್ದು.

'ಕೌಂಟರಲ್ಲಿ ನಾವು ದಿನಾ ಹೇಳ್ತೀವಿ, ಮಿಷನ್ ಕೆಟ್ಟಿದೆ, ಮಿಷನ್ ಕೆಟ್ಟಿದೆ ಅಂತ. ನಾನು ಕೆಡಿಸ್ದೆ ಅಂತ ಯಾರಾದ್ರೂ ಹೇಳಿದ್ದು ಇವತ್ತೇ ಕೇಳಿದ್ದು.' ಆಮೇಲೆ, 'ಬರ್ತೀನಿ ಬಿಡಿ. ಬರೋಕೆ ಹಳೇ ಕಾಲು ಇದೆಯಲ್ಲ' ಅಂದರು.

ಏಪ್ರಿಲ್ 3, ಗುರುವಾರ

ಟಿಕೆಟ್ ಕೊಡುವ ಹೆಂಗಸು ಬಂದಿದ್ದರು. ನಾನು ಸ್ಕ್ಯಾನ್ ಮಾಡಿದೆ, ಮೇಸ್ತ್ರಿಯವರು ಹೊಸ ಚೀಲ ಒಡೆದು ಅಚ್ಚು ತೆಗೆದರು. ಪಟ್ಟಿ ನೆನೆಸಿ ಕೊಡಲು ಒಬ್ಬರು ಬೇಕಿತ್ತು, ನಾನು ನೆನೆಸಿ ಕೊಟ್ಟೆ. ನೀರು ಹೆಚ್ಚಾಯಿತು, ಹಿಂಡಿ ಕೊಡು ಅಂದರು. ಹತ್ತು ದಿನಗಳಲ್ಲಿ ನನಗೆ ಆಡಿದ ಮೊದಲ ಮಾತು ಅದು. ಹಿಂಡಿ ಕೊಟ್ಟೆ.

ಇನ್ನೊಂದು ವಿಷಯ ಇವತ್ತು ತಿಳಿಯಿತು. ಸೋಮವಾರದಿಂದ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಕಂಪ್ಯೂಟರ್ ಯಾವಾಗಲೋ ಆರಿ ಹೊಸದಾಗಿ ಎದ್ದಿರುತ್ತಿತ್ತು. ವೈರು ಮತ್ತೆ ಸಡಿಲವಾಗಿದೆ ಎಂದುಕೊಂಡು ಇವತ್ತು ಬೇಗ ಹೋದೆ. ಮೇಸ್ತ್ರಿಯವರು ಶೆಲ್ಫಿನ ಹತ್ತಿರ ಬಗ್ಗಿ ಪ್ಲಗ್ ಕೀಳುತ್ತಿದ್ದರು. ಕಿತ್ತು, ಪರದೆಯ ಕಡೆ ತಿರುಗಿ, ಒಂದು ಬೆರಳಿನಿಂದ ಗುಂಡಿ ಒತ್ತಿ, ತಲೆ ವಾಲಿಸಿ ಕಾದರು. ಕೆಂಪು ಬಂತು. ಸರಿ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಪ್ಲಗ್ ಹಾಕಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಾಕಿ, ತಮ್ಮ ಕೋಣೆಗೆ ಹೋದರು. ಆರಿಸಿ ಹಾಕಬೇಕೆಂಬುದನ್ನು ಆ ದಿನ ನನ್ನನ್ನು ನೋಡಿಯೇ ಕಲಿತಿರಬೇಕು. ನನ್ನನ್ನು ಅವರು ನೋಡಲಿಲ್ಲ, ನಾನೂ ಕರೆಯಲಿಲ್ಲ.

ಸಂಜೆ ಮನೆಗೆ ಬಂದು ಮಹಡಿಯಲ್ಲಿ ಕುಳಿತಿದ್ದೆ. ಕೆಳಗೆ ಪಾತ್ರೆಯ ಸದ್ದು. ಅಕ್ಕ ಸೌಟಿನಲ್ಲಿ ಕಂಬಿ ತಟ್ಟಿದಳು. ಮೂರು ಸಲ, ಎಂದಿನ ಹಾಗೆ. ತಟ್ಟಿ ಸುಮ್ಮನೆ ನಿಂತಳು, ಉತ್ತರ ಕೇಳಲು.

'ಎಲ್ಲ ಸರೀನಾ?'

'ಇಲ್ಲ ಅಕ್ಕ' ಅಂದೆ. 'ಕೆಳಗೆ ಬರ್ತೀನಿ, ಇರು.'

ಇಳಿದು ಹೋದೆ. ಅಕ್ಕ ಒಲೆ ಆರಿಸಿ, ಸೌಟು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.